ಮೇಲೆ ಹೋದರೆ ಮಾತ್ರ ಬಿಸಿಯಾಗುವ ನೀರು

ನಮ್ಮ ಹಾರಾಟದ ಕ್ಲಬ್ಬಿನಲ್ಲಿ ಅವಳನ್ನು ಎಲ್ಲರೂ ನೀರಕ್ಕ ಅಂತಲೇ ಕರೆಯುತ್ತಿದ್ದೆವು. ವಿಮಾನ ಇಳಿದು ಶೆಡ್ಡಿನ ಮುಂದೆ ಬಂದು ನಿಂತರೆ ಸಾಕು, ನಾವು ಬೆಲ್ಟು ಬಿಚ್ಚುವುದರೊಳಗೆ ರೆಕ್ಕೆಯ ಕೆಳಗಿಂದ ಬಗ್ಗಿ ಬಂದು ಕೇಳುತ್ತಿದ್ದಳು, "ನೀರು ಎಷ್ಟಿತ್ತು?" ಹಾರಾಟ ಹೇಗಿತ್ತು, ಮೇಲೆ ಗಾಳಿ ಹೇಗಿತ್ತು, ಅದೆಲ್ಲ ಅವಳಿಗೆ ಬೇಡ. ನೀರು ಅಂದರೆ ಎಂಜಿನ್ನಿನ ಒಳಗೆ ಸುತ್ತುವ ಹಸಿರು ಕೂಲೆಂಟು. ಎಷ್ಟು ಅಂದರೆ ಎಷ್ಟು ಡಿಗ್ರಿ. ಎಂಬತ್ತರಿಂದ ನೂರರೊಳಗೆ ಅಂದರೆ ಸುಮ್ಮನೆ ಹೋಗುತ್ತಿದ್ದಳು. ನೂರರ ಮೇಲೊಂದು ಅಂಕಿ ಕೇಳಿಸಿತೋ, ಹುಬ್ಬು ಗಂಟಾಗುತ್ತಿತ್ತು.

ನಾನು ಶಾಲೆಯಲ್ಲಿ ಲೆಕ್ಕ ಕಲಿಸುವ ಮೇಷ್ಟ್ರು. ನಲವತ್ತೈದು ದಾಟಿದ ಮೇಲೆ ಹಾರುವ ಹುಚ್ಚು ಹತ್ತಿಸಿಕೊಂಡು ಆ ಕ್ಲಬ್ಬು ಸೇರಿದವನು. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಇನ್ನರ್ಧ ಅವಳ ಬಾಯಿಂದಲೇ ಕೇಳಿದ್ದು.

ಕ್ಲಬ್ಬು ಅಂದರೆ ಒಂದು ತಗಡಿನ ಶೆಡ್ಡು, ಹುಲ್ಲು ಕತ್ತರಿಸಿ ಮಟ್ಟ ಮಾಡಿದ ಒಂದು ರನ್‌ವೇ, ಎರಡು ಸೀಟಿನ ಒಂದೇ ಒಂದು ಹಗುರ ವಿಮಾನ. ಬಾಲ ಹಿಡಿದು ಇಬ್ಬರು ಎತ್ತಿದರೆ ಎತ್ತ ಬೇಕಾದರೂ ತಿರುಗಿಸಬಹುದು, ಅಷ್ಟು ಹಗುರ. ಹಾರಿಸುವುದು, ಕಲಿಸುವುದು ಎಲ್ಲ ಕ್ಯಾಪ್ಟನ್ನರದು. ದೊಡ್ಡ ವಿಮಾನಗಳನ್ನು ಓಡಿಸಿ ನಿವೃತ್ತರಾದವರು, ಮಾತು ಕಮ್ಮಿ. ಎಂಜಿನ್ ನೋಡಿಕೊಳ್ಳುವುದು ನೀರಕ್ಕನದು.

ಅವಳ ಅಪ್ಪ ಲಾರಿಗಳ ರೇಡಿಯೇಟರ್ ರಿಪೇರಿ ಮಾಡುತ್ತಿದ್ದವರು. ರಸ್ತೆ ಬದಿಯ ಉದ್ದನೆಯ ಅಂಗಡಿ, ಹೊಗೆ ಹಿಡಿದ ಗೋಡೆ, ನಡುವೆ ಒಂದು ಸಿಮೆಂಟಿನ ತೊಟ್ಟಿ. ರೇಡಿಯೇಟರನ್ನು ಆ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ಗಾಳಿ ಊದಿ, ಗುಳ್ಳೆ ಎಲ್ಲಿಂದ ಏಳುತ್ತದೆ ಅಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವುದು ಚಿಕ್ಕಂದಿನಲ್ಲಿ ಅವಳ ಕೆಲಸ. ಅವಳಿಗಿಂತ ಎರಡು ವರ್ಷಕ್ಕೆ ದೊಡ್ಡವನಾದ ಅಣ್ಣನಿಗೆ ಅಂಗಡಿಯ ಮಸಿ ಆಗುತ್ತಿರಲಿಲ್ಲ. ಅವನು ಫೈಬರ್ ಕೆಲಸ ಕಲಿತು ನೀರಿನ ಟ್ಯಾಂಕು, ದೋಣಿ, ಬಸ್ಸಿನ ಮುಂಭಾಗ ಅಂತ ಮಾಡುತ್ತಾ ಹೆಸರು ಗಳಿಸಿದ. ಅಷ್ಟರಲ್ಲಿ ಲಾರಿಗಳಿಗೆ ಹೊಸ ಥರದ ರೇಡಿಯೇಟರ್ ಬಂತು. ತೂತಾದರೆ ಬೆಸುಗೆ ಹಾಕುವಂತಿಲ್ಲ, ಬಿಸಾಡಿ ಬೇರೆ ತರಬೇಕು. ಅಪ್ಪನ ಅಂಗಡಿಗೆ ಬೀಗ ಬಿತ್ತು, ಸ್ವಲ್ಪ ದಿನಕ್ಕೆ ಅಪ್ಪನೂ ಹೋದರು. ಒಂಬತ್ತು ವರ್ಷದ ಹಿಂದೆ ಕ್ಯಾಪ್ಟನ್ ಸೋರುವ ರೇಡಿಯೇಟರೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲ ತಿರುಗಿ, ಕೊನೆಗೆ ಅವಳ ಮನೆ ಬಾಗಿಲು ತಟ್ಟಿದರು. ಅವತ್ತಿನಿಂದ ಅವಳು ಕ್ಲಬ್ಬಿನವಳು.

ಅಣ್ಣ, ತಂಗಿ, ವಯಸ್ಸಾದ ತಾಯಿ ಮೂವರೂ ಒಂದೇ ಮನೆಯಲ್ಲಿ. ಅಣ್ಣ-ತಂಗಿ ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಿದ್ದರು.

ಆ ವರ್ಷ ವಿಮಾನದ ಮೂತಿ ಸೀಳು ಬಿಟ್ಟಿತು. ಎಂಜಿನ್ನನ್ನು ಮುಚ್ಚುವ ಮುಂದಿನ ಕವಚಕ್ಕೆ ನಾವೆಲ್ಲ ಮೂತಿ ಅಂತಲೇ ಅನ್ನುತ್ತಿದ್ದೆವು. ನೀರಕ್ಕನ ಅಣ್ಣ ತಾನಾಗಿಯೇ ಬಂದು, "ನಾನು ಮಾಡ್ಕೊಡ್ತೀನಿ ಬಿಡಿ" ಅಂದ. ಮೂರು ತಿಂಗಳು ಕೂತು ಮಾಡಿದ. ಹಳೆಯದು ಅಕ್ಕಿ ಮೂಟೆಯ ಹಾಗಿತ್ತು. ಹೊಸದು ಮೀನಿನ ಮುಖದ ಹಾಗೆ ನುಣ್ಣಗೆ, ಏಳು ಸಲ ಬಣ್ಣ ಹೊಡೆದು ಮುಖ ಕಾಣುವಂತೆ ಹೊಳೆಯುತ್ತಿತ್ತು. ಕ್ಯಾಪ್ಟನ್ ಕೂಡ ಬಾಯಿ ಬಿಟ್ಟು "ಚೆನ್ನಾಗಿದೆ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಭಾಷಣ.

ಹೊಸ ಮೂತಿ ಹಾಕಿದ ವಾರಕ್ಕೇ ಬಿಸಿಲು ಜೋರಾಯಿತು, ಅದರ ಜೊತೆಗೇ ತಲೆನೋವೂ ಶುರುವಾಯಿತು. ವಿಮಾನ ಮೇಲೇರುವಾಗ ನೀರು ನೂರೈದು, ನೂರೆಂಟು, ನೂರಹತ್ತು. ನೂರಹದಿನೈದಕ್ಕೆ ಕೆಂಪು ಗೆರೆ. ಕ್ಯಾಪ್ಟನ್ ಎಂಜಿನ್ನಿನ ಜೋರು ಇಳಿಸಿ, ಒಂದು ಸುತ್ತು ಹಾಕಿ ಇಳಿಯುತ್ತಿದ್ದರು. ಹಾರಾಟದ ಪುಸ್ತಕದಲ್ಲಿ ಎರಡೇ ಪದ ಬರೆಯುತ್ತಿದ್ದರು: "ನೀರು ಬಿಸಿ."

"ಎಷ್ಟು ವೇಗದಲ್ಲಿದ್ರಿ? ಎಷ್ಟು ಎತ್ತರಕ್ಕೆ ಹೋದಾಗ ಶುರುವಾಯ್ತು? ಮೂತಿ ಎಷ್ಟು ಮೇಲಿತ್ತು?" ಅಂತ ನೀರಕ್ಕ ಕೇಳಿದರೆ, "ಏರೋವಾಗ ಬಿಸಿ ಆಯ್ತಮ್ಮ" ಅನ್ನುವರು. ಅದಕ್ಕಿಂತ ಹೆಚ್ಚು ಒಂದಕ್ಷರ ಇಲ್ಲ.

ಅವಳು ಒಂದೊಂದಾಗಿ ಕೈಹಾಕಿದಳು. ಮೊದಲು ರೇಡಿಯೇಟರಿನ ಮುಚ್ಚಳ. ಅದರ ಸ್ಪ್ರಿಂಗು ಸಡಿಲಾದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ. ಹೊಸದು ಹಾಕಿದಳು. ನೀರು ನೂರಹತ್ತು. ಆಮೇಲೆ ಬಿಸಿಯಾದ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಬಿಚ್ಚಿ ಮನೆಗೆ ತಂದು, ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿ, ಅದರಲ್ಲಿ ತೂಗುಬಿಟ್ಟು, ಎಷ್ಟು ಡಿಗ್ರಿಗೆ ಬಾಯಿ ತೆರೆಯುತ್ತದೆ ಅಂತ ನೋಡಿದಳು. ತೆರೆಯಬೇಕಾದಲ್ಲೇ ತೆರೆಯಿತು. "ಅದು ಬೆಂದಿದ್ಯಾ ನೋಡು" ಅಂತ ತಾಯಿ ತಮಾಷೆ ಮಾಡಿದರೆ ಇವಳಿಗೆ ನಗು ಬರಲಿಲ್ಲ. ಕೂಲೆಂಟನ್ನು ಮೂರು ಸಲ ಬದಲಾಯಿಸಿದಳು. ಹೋಸ್ ಪೈಪುಗಳನ್ನೆಲ್ಲ ಹೊಸದು ಮಾಡಿದಳು. ಉಷ್ಣ ತೋರಿಸುವ ಮುಳ್ಳೇ ಸುಳ್ಳು ಹೇಳುತ್ತಿದೆಯೇನೋ ಅಂತ ಅದನ್ನೂ ಬದಲಾಯಿಸಿದಳು. ಪ್ರತಿ ಸಲವೂ ಎಂಜಿನ್ನನ್ನು ನೆಲದ ಮೇಲೆ ಹತ್ತು ನಿಮಿಷ ಪೂರ್ತಿ ಜೋರಿನಲ್ಲಿ ಓಡಿಸಿ ನೋಡುವಳು. ತೊಂಬತ್ತೆರಡು, ಅಲ್ಲಾಡುತ್ತಿರಲಿಲ್ಲ. ಕ್ಯಾಪ್ಟನ್ ಮೇಲೆ ಹೋಗಿ ಬಂದು ಬರೆಯುವರು: "ನೀರು ಬಿಸಿ."

"ಮೈ ಪರಚಿಕೊಳ್ಳೋ ಹಾಗಾಗಿದೆ ಮೇಷ್ಟ್ರೇ" ಅಂದಳು ಒಂದು ದಿನ ನನಗೆ. "ನನ್ನ ಮುಂದೆ ಇರೋವಾಗ ಸಂಭಾವಿತನ ಥರ ಇರುತ್ತೆ. ಕಣ್ಣು ಮರೆಯಾದ ತಕ್ಷಣ ಬುದ್ಧಿ ತೋರಿಸುತ್ತೆ."

ಅಣ್ಣ ದಿನಾ ಸಂಜೆ ಶೆಡ್ಡಿಗೆ ಬಂದು ಮೂತಿಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿ ಹೋಗುತ್ತಿದ್ದ. ಹೋಗುವಾಗ ಒಂದು ಮಾತು ಒಗೆಯುವುದು ಅವನ ರೂಢಿ. "ನಿನ್ನ ನೀರಿನ ಪಂಪು ನೋಡ್ಕೋ" ಅನ್ನುವನು. ಇಲ್ಲದಿದ್ದರೆ "ಅಪ್ಪ ಇದ್ದಿದ್ರೆ ಅರ್ಧ ದಿನದ ಕೆಲಸ" ಅನ್ನುವನು. ಎರಡನೆಯದು ಕೇಳಿದಾಗಲೆಲ್ಲ ನೀರಕ್ಕನ ಪಿತ್ತ ನೆತ್ತಿಗೇರುತ್ತಿತ್ತು.

ಐದನೆಯ ವಾರದ ಒಂದು ಮಧ್ಯಾಹ್ನ ನನ್ನ ಪಾಠದ ಸರದಿ. ಮುಳ್ಳು ನೂರಹನ್ನೆರಡಕ್ಕೆ ಬಂದಾಗ ಕ್ಯಾಪ್ಟನ್ ತಿರುಗಲು ಹೇಳಿದರು. ನಾನು ತಿರುಗಿಸುವಷ್ಟರಲ್ಲಿ ಒಳಗೆಲ್ಲ ಸಿಹಿಸಿಹಿ ವಾಸನೆ, ಮುಂದಿನ ಗಾಜಿನ ಮೇಲೆ ಹಸಿರು ಹನಿಗಳು. ನೀರು ಕುದಿದು ಉಕ್ಕಿತ್ತು. ಕ್ಯಾಪ್ಟನ್ ನನ್ನ ಕೈಯಿಂದ ಹಿಡಿತ ತೆಗೆದುಕೊಂಡು, ಥ್ರಾಟಲ್ ಪೂರ್ತಿ ಎಳೆದು ಎಂಜಿನ್ನಿನ ಜೋರು ಇಳಿಸಿ, ಜಾರಿಸಿಕೊಂಡು ಬಂದು ಇಳಿಸಿದರು.

ನೀರಕ್ಕ ರನ್‌ವೇ ಅಂಚಿಗೇ ಓಡಿ ಬಂದಿದ್ದಳು. ಅವತ್ತು ಎಷ್ಟಿತ್ತು ಅಂತ ಕೇಳಲಿಲ್ಲ. ನನ್ನ ಮುಖ ನೋಡಿದಳು, ಗಾಜಿನ ಮೇಲಿನ ಹಸಿರು ಹನಿ ನೋಡಿದಳು, ಕ್ಯಾಪ್ಟನ್ ಮುಂದೆ ಕೈ ಚಾಚಿದಳು. "ಕೀಲಿ ಕೊಡಿ. ನಾನು ಹೇಳೋ ತನಕ ಇದನ್ನ ಯಾರೂ ಮುಟ್ಟಬಾರದು."

ಕ್ಲಬ್ಬಿನವರು ಹೊರಗಿನಿಂದ ಒಬ್ಬ ಎಂಜಿನಿಯರನ್ನು ಕರೆಸಿದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಪಟ್ಟಿ. ಮುಕ್ಕಾಲು ಗಂಟೆ ಸುತ್ತಾಡಿ, ಪಟ್ಟಿಯಲ್ಲಿ ಗುರುತು ಹಾಕುತ್ತಾ ಬಂದು, "ಕೂಲೆಂಟ್ ಬದಲಾಯಿಸಿ ನೋಡಿ" ಅಂದ. ಅವಳು ಹಲ್ಲು ಕಚ್ಚಿಕೊಂಡು, "ಮೂರು ಸಲ ಆಯ್ತು ಸಾರ್" ಅಂದಳು. "ಹಾಗಾದ್ರೆ ಮೆಕ್ಯಾನಿಕ್‌ಗೆ ಸ್ವಲ್ಪ ತರಬೇತಿ ಕೊಡಿಸಿ" ಅಂತ ಬರೆದುಕೊಟ್ಟು ಹೋದ. ಆ ಕಾಗದವನ್ನು ಅವಳು ಹರಿಯಲಿಲ್ಲ, ಮಡಿಸಿ ಟೂಲ್ ಬಾಕ್ಸಿನ ತಳಕ್ಕೆ ಹಾಕಿದಳು.

ಮೂರನೆಯ ದಿನ ನಾನು ಹೋದಾಗ ಅವಳು ಮೂತಿ ಬಿಚ್ಚಿದ ಎಂಜಿನ್ನಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಹಳೆಯ ಚಾಪೆಯ ಮೇಲೆ ಮೂತಿ.

"ಮೇಷ್ಟ್ರೇ, ನನ್ನಂಥ ಕತ್ತೆ ಇನ್ನೊಂದಿಲ್ಲ" ಅಂದಳು.

"ಯಾಕಕ್ಕ?"

"ಐದು ವಾರದಿಂದ ನೆಲದ ಮೇಲೆ ಓಡಿಸಿ ನೋಡ್ತಿದ್ದೀನಲ್ಲ, ಸೋರೋದು ಕಾಣಲಿ ಅಂತ ಪ್ರತಿ ಸಲ ಮೂತಿ ಬಿಚ್ಚೇ ಓಡಿಸಿದ್ದೀನಿ. ಒಂದು ಸಲಾನೂ ಹಾಕ್ಕೊಂಡು ಓಡಿಸಿಲ್ಲ. ಮೇಲೆ ಹೋಗೋದು ಮೂತಿ ಹಾಕ್ಕೊಂಡು ತಾನೆ?"

ಅವತ್ತೇ ಅಣ್ಣನ ಹತ್ತಿರ ಮಾತೆತ್ತಿದಳು. ಅವನು ಸಿಟ್ಟಾಗಲಿಲ್ಲ, ಟೇಪು ತಂದು ಮೂತಿಯ ಬಾಯಿಯ ಅಳತೆ ತೋರಿಸಿದ. ಗಾಳಿ ಒಳಗೆ ಬರುವ ಬಾಯಿ ಹಳೆಯದಕ್ಕಿಂತ ಎರಡು ಬೆರಳು ಅಗಲ. "ಬಾಯಿ ದೊಡ್ಡದು ಮಾಡಿ ಗಾಳಿ ಜಾಸ್ತಿ ಬಿಟ್ಟಿದ್ದೀನಿ. ಅದು ಹ್ಯಾಗೆ ಬಿಸಿ ಮಾಡುತ್ತೆ ಹೇಳು?" ಅವನ ಮಾತು ಸರಿಯಾಗಿಯೇ ಇತ್ತು, ಅದೇ ಅವಳಿಗೆ ಇನ್ನಷ್ಟು ಉರಿ.

ಉತ್ತರದ ದಾರಿ ಸಿಕ್ಕಿದ್ದು ಶೆಡ್ಡಿನ ಮೆಟ್ಟಿಲು ಕಟ್ಟಲು ಬಂದಿದ್ದ ಗಾರೆ ಕೆಲಸದವನಿಂದ. ಅವನು ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ, ಒಂದು ತುದಿ ಇಲ್ಲಿ, ಇನ್ನೊಂದು ತುದಿ ಅಲ್ಲಿ ಹಿಡಿದು ಮಟ್ಟ ನೋಡುತ್ತಿದ್ದ. ಜೊತೆಯವನು ಒಂದು ತುದಿಗೆ ಬೆರಳು ಅಡ್ಡ ಇಟ್ಟಾಗ ಎರಡೂ ಕಡೆಯ ನೀರು ಸಮ ನಿಲ್ಲಲಿಲ್ಲ. "ಬೆರಳು ತೆಗಿ, ಗಾಳಿ ಒತ್ತುತ್ತೆ" ಅಂತ ಕೆಲಸದವನು ಜೊತೆಯವನಿಗೆ ಬೈದದ್ದು ನೀರಕ್ಕನ ಕಿವಿಗೆ ಬಿತ್ತು. ಎದ್ದು ಹೋಗಿ ಅವನ ಹತ್ತಿರ ನಾಲ್ಕು ಮಾರು ಟ್ಯೂಬು ಕೇಳಿ ತಂದಳು.

ನನಗೆ ಹೀಗೆ ವಿವರಿಸಿದಳು. "ರೇಡಿಯೇಟರಿನ ಮುಂದೆ ಗಾಳಿ ಒತ್ತಬೇಕು, ಹಿಂದೆ ಸಡಿಲ ಇರಬೇಕು. ಆಗ ತಾನೆ ಅದರ ಸಂದಿಯೊಳಗೆ ನುಗ್ಗೋದು? ಎರಡೂ ಕಡೆ ಒಂದೇ ಸಮ ಆದ್ರೆ, ಬಾಯಿ ಎಷ್ಟು ದೊಡ್ಡದಿದ್ರೂ ಗಾಳಿ ಬಾಗಿಲಲ್ಲೇ ನಿಂತ್ಕೊಳ್ಳುತ್ತೆ."

ಒಂದು ಟ್ಯೂಬಿನ ತುದಿಯನ್ನು ರೇಡಿಯೇಟರಿನ ಮುಂದೆ, ಇನ್ನೊಂದರ ತುದಿಯನ್ನು ಹಿಂದೆ ಕಟ್ಟಿ, ಎರಡನ್ನೂ ಸೀಟಿನ ಹತ್ತಿರಕ್ಕೆ ತಂದಳು. ಅಲ್ಲಿ ಒಂದು ಹಲಗೆಯ ಮೇಲೆ ಟ್ಯೂಬಿನ ಇನ್ನೊಂದು ತುಂಡನ್ನು ಕುದುರೆ ಲಾಳದ ಹಾಗೆ ಬಗ್ಗಿಸಿ ಕಟ್ಟಿ, ಎರಡನ್ನೂ ಅದರ ತುದಿಗಳಿಗೆ ಸೇರಿಸಿ, ಶಾಯಿ ಬೆರೆಸಿದ ನೀರು ತುಂಬಿದಳು. ಹಿಂದೆ ಅಂಟಿಸಲು ಗ್ರಾಫ್ ಹಾಳೆ ನಾನು ಕೊಟ್ಟೆ. ಮುಂದೆ ಒತ್ತಡ ಜಾಸ್ತಿಯಾದಷ್ಟೂ ಲಾಳದ ಒಂದು ಕಾಲಿನ ನೀರು ಇಳಿದು ಇನ್ನೊಂದು ಕಾಲಿನದು ಏರಬೇಕು. ಕೂತು, ಲೆಕ್ಕ ಹಾಕಿ, ಎರಡು ಬೆರಳಿನಷ್ಟಾದರೂ ವ್ಯತ್ಯಾಸ ಬರಬೇಕು ಅಂತ ಇಬ್ಬರೂ ಒಪ್ಪಿದೆವು.

"ಹಾರಿಸೋವಾಗ ನಾನು ಇದನ್ನೆಲ್ಲ ನೋಡ್ಕೊಂಡು ಕೂರೋಕಾಗಲ್ಲ" ಅಂದರು ಕ್ಯಾಪ್ಟನ್.

"ನೀವು ನೋಡಿದ್ರೂ ಎರಡೇ ಪದ ಬರೀತೀರಿ. ನಾನೇ ಬರ್ತೀನಿ" ಅಂದಳು ನೀರಕ್ಕ.

ಒಂಬತ್ತು ವರ್ಷದಲ್ಲಿ ಅವಳು ಒಂದು ಸಲವೂ ಹಾರಿದವಳಲ್ಲ. ಯಾರು ಕರೆದರೂ "ನನ್ನ ಕೆಲಸ ನೆಲದ್ದು" ಅನ್ನುತ್ತಿದ್ದಳು. ಹೆದರಿಕೆ ಅಂತ ನಮಗೆಲ್ಲ ಗೊತ್ತಿತ್ತು, ಬಾಯಿ ಬಿಟ್ಟು ಆಡುವ ಧೈರ್ಯ ಯಾರಿಗೂ ಇರಲಿಲ್ಲ. ಆ ಬೆಳಿಗ್ಗೆ ಹಲಗೆ ತೊಡೆಯ ಮೇಲಿಟ್ಟುಕೊಂಡು ಸೀಟಿನಲ್ಲಿ ಕೂತಾಗ ಅವಳ ತುಟಿ ಬಿಳಿಚಿತ್ತು. ರನ್‌ವೇ ಮೇಲಿಂದ ಆಚೆ ಹೋಗಕೂಡದು, ನೂರಹತ್ತಾದರೆ ಇಳಿಯುವುದು ಅಂತ ಕ್ಯಾಪ್ಟನ್ ಷರತ್ತು ಹಾಕಿದ್ದರು.

ಮುಂದಿನದು ಅವಳ ಬಾಯಲ್ಲೇ ಕೇಳಿದ್ದು. ಚಕ್ರ ನೆಲ ಬಿಟ್ಟಾಗ ಹಲಗೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಳಂತೆ. ಆಚೆ ಈಚೆ ನೋಡಬಾರದು ಅಂತ ಶಾಯಿ ನೀರನ್ನೇ ದಿಟ್ಟಿಸಿದಳು. ವಿಮಾನ ಮೂತಿ ಎತ್ತಿ ಏರುತ್ತಿದೆ, ಟ್ಯೂಬಿನ ಎರಡೂ ಕಾಲಿನ ನೀರು ಹೆಚ್ಚುಕಮ್ಮಿ ಸಮಕ್ಕೆ ನಿಂತಿದೆ. ಕಿರುಬೆರಳ ಉಗುರಿನಷ್ಟೂ ವ್ಯತ್ಯಾಸ ಇಲ್ಲ.

"ಮೂತಿ ಸ್ವಲ್ಪ ಇಳಿಸಿ" ಅಂದಳು. ಕ್ಯಾಪ್ಟನ್ ಇಳಿಸಿದರು. ಒಂದು ಕಾಲಿನ ನೀರು ಸರ್ರನೆ ಒಂದು ಬೆರಳು ಇಳಿಯಿತು.

"ಮತ್ತೆ ಎತ್ತಿ."

ಎತ್ತಿದರು. ನೀರು ಮತ್ತೆ ಸಮ.

"ಇಳಿಸಿ. ಎತ್ತಿ. ಇನ್ನೊಂದು ಸಲ ಇಳಿಸಿ."

"ಅಮ್ಮ, ಇದೇನು ಉಯ್ಯಾಲೆನಾ?" ಅಂದರು ಕ್ಯಾಪ್ಟನ್. ನೂರೊಂಬತ್ತಕ್ಕೆ ಬಂದಾಗ ಅವರೇ ತಿರುಗಿಸಿದರು. ಅವಳಿಗೆ ಇಳಿಯುವುದೇ ಬೇಡವಾಗಿತ್ತು. ನೆಲಕ್ಕೆ ಕಾಲಿಟ್ಟವಳೇ ಹುಲ್ಲಿನ ಮೇಲೆ ಅಂಗಾತ ಮಲಗಿ, ಮೂತಿಯ ಕೆಳಗೆ ತಲೆ ತೂರಿಸಿದಳು.

ಗಾಳಿ ಒಳಗೆ ಬರುವ ಬಾಯಿ ದೊಡ್ಡದೇ. ಹೊರಗೆ ಹೋಗುವ ಸಂದಿ ಮಾತ್ರ ಎರಡೇ ಬೆರಳು. ಚೆಂದ ಕಾಣಲಿ ಅಂತ ಅಣ್ಣ ಕೆಳತುಟಿಯನ್ನು ಹೊಟ್ಟೆಗೆ ಅಂಟಿದ ಹಾಗೆ ನುಣ್ಣಗೆ ತಿರುವಿದ್ದ. ವಿಮಾನ ಮೂತಿ ಎತ್ತಿದಾಗ ಕೆಳಗಿನ ಗಾಳಿ ಆ ಸಂದಿಗೇ ಬಂದು ಒತ್ತುತ್ತಿತ್ತು. ಒಳಗೆ ಹೋದ ಗಾಳಿಗೆ ಹೊರಬರುವ ದಾರಿಯೇ ಇರಲಿಲ್ಲ.

ಸಂಜೆ ಅಣ್ಣ ಬಂದಾಗ ಬರೆದುಕೊಂಡಿದ್ದನ್ನೆಲ್ಲ ತೋರಿಸಿದಳು. ಅವನು ಹಾಳೆಯನ್ನು ಎರಡು ಸಲ ಓದಿದ.

"ಹಳೇ ಮೂತಿಯಲ್ಲಿ ಸಂದಿ ಎಷ್ಟಿತ್ತು?"

"ನಾಲ್ಕು ಬೆರಳು ಇತ್ತು ಅನ್ಸುತ್ತೆ."

"ಅನ್ಸುತ್ತೆ. ಬಿಚ್ಚಿ ನನ್ನ ಕೈಗೆ ಕೊಟ್ಟವಳು ನೀನು. ಕೆಳಗಡೆ ಇಷ್ಟು ಬಿಡು ಅಂತ ಒಂದು ಮಾತು ಹೇಳಿದ್ಯಾ?"

ಹೇಳಿರಲಿಲ್ಲ. "ಈಗ ಹೇಳ್ತಿದ್ದೀನಿ. ಕೆಳಗಡೆ ಕತ್ತರಿಸಬೇಕು" ಅಂದಳು.

"ಮೂರು ತಿಂಗಳ ಕೆಲಸ ಅದು. ಕತ್ತರಿಸೋದಾದ್ರೆ ನೀನೇ ಕತ್ತರಿಸ್ಕೋ, ನನ್ನ ಕಣ್ಣೆದುರು ಬೇಡ" ಅಂದು ಬಟ್ಟೆಯನ್ನು ಜೇಬಿಗೆ ತುರುಕಿಕೊಂಡು ಹೊರಟುಹೋದ.

ಮಾರನೆಯ ಬೆಳಿಗ್ಗೆ ಅವಳು ಗರಗಸ ಹಿಡಿದಳು. ಏಳು ಪದರದ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಬರುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. ಕತ್ತರಿಸಿದ ಅಂಚಿಗೆ ತಗಡಿನ ಒಂದು ತುಟಿ ಮಾಡಿ, ಕೆಳಗಿನ ಗಾಳಿ ಒಳಗೆ ಒತ್ತದ ಹಾಗೆ ಹೊರಕ್ಕೆ ಬಗ್ಗಿಸಿ ಬಡಿದಳು. ನೋಡಲು ಹಲ್ಲುಬ್ಬಿನ ಹಾಗಿತ್ತು. ಕ್ಯಾಪ್ಟನ್ ಏರಿಸಿದರು. ನೀರು ತೊಂಬತ್ತೆಂಟು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಇಳಿಯುವಾಗ, ಎಂಜಿನ್ ಮೆಲ್ಲಗೆ ಓಡುತ್ತಿರುವಾಗ, ಗಾಳಿ ಭರ್ರನೆ ನುಗ್ಗಿ ನೀರು ಅರವತ್ತರ ಕೆಳಗೆ ಹೋಯಿತು. ತಣ್ಣಗಾದ ಎಂಜಿನ್ನಿಗೆ ಥ್ರಾಟಲ್ ಕೊಟ್ಟರೆ ಅದು ಮುದುಕರ ಹಾಗೆ ಕೆಮ್ಮಿತು. ಕ್ಯಾಪ್ಟನ್ ಪುಸ್ತಕದಲ್ಲಿ ಬರೆದರು: "ನೀರು ತಣ್ಣಗೆ."

ಅದನ್ನು ಓದಿ ನೀರಕ್ಕ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. "ಇವರ ತಲೆ. ಬಿಸಿ, ಇಲ್ಲ ಅಂದ್ರೆ ತಣ್ಣಗೆ. ಮಧ್ಯ ಅನ್ನೋದು ಇವರ ಡಿಕ್ಷನರಿಯಲ್ಲೇ ಇಲ್ಲ." ಬೈದುಕೊಂಡೇ ಮುಂದಿನ ಎರಡು ವಾರ ಕೂತು, ರೇಡಿಯೇಟರಿನ ಮುಂದೆ ಕಿಟಕಿಯಂಥ ಒಂದು ತಗಡಿನ ಪರದೆ ಮಾಡಿದಳು. ಸೀಟಿನ ಪಕ್ಕದ ಗುಬುಟು ಎಳೆದರೆ ಅದು ಅರ್ಧ ಮುಚ್ಚುತ್ತದೆ, ತಳ್ಳಿದರೆ ತೆರೆಯುತ್ತದೆ. ಏರುವಾಗ ತೆರೆಯಿರಿ, ಇಳಿಯುವಾಗ ಮುಚ್ಚಿರಿ ಅಂತ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದಳು. ಕೀಲಿಯನ್ನು ಕ್ಯಾಪ್ಟನ್ ಕೈಗೆ ಕೊಟ್ಟಾಗ ಕ್ಲಬ್ಬಿನವರು ಯಾರೂ ಒಂದು ಒಳ್ಳೆಯ ಮಾತು ಆಡಲಿಲ್ಲ. ಇಷ್ಟು ದಿನ ಯಾಕೆ ಹಿಡಿಯಿತು ಅಂತ ಮಾತ್ರ ಇಬ್ಬರು ಕೇಳಿದರು. ನಾನೊಬ್ಬ ಥ್ಯಾಂಕ್ಸ್ ಹೇಳಿದ್ದಕ್ಕೆ, "ನೀವು ಕುದಿಯೋ ನೀರಿನ ಹಿಂದೆ ಕೂತು ಬಂದೋರು, ನೀವು ಹೇಳ್ದೆ ಇನ್ಯಾರು ಹೇಳ್ತಾರೆ" ಅಂದಳು.

ಮನೆಯಲ್ಲಿ ಅಣ್ಣ ನಾಲ್ಕು ತಿಂಗಳು ಮುಖ ಊದಿಸಿಕೊಂಡಿದ್ದ. ಒಂದೇ ಮೇಜಿಗೆ ಊಟಕ್ಕೆ ಕೂತು, "ಅಮ್ಮ, ಅವಳಿಗೆ ಉಪ್ಪು ಕೊಡು ಅಂತ ಹೇಳು" ಅನ್ನುವನು. ಉಪ್ಪು ಇವಳ ಕೈಯ ಪಕ್ಕದಲ್ಲೇ ಇರುತ್ತಿತ್ತು. ತಾಯಿಗೆ ಸಾಕಾಗಿ ಒಂದು ದಿನ, "ನಾನೇನು ನಿಮ್ಮಿಬ್ಬರ ನಡುವಿನ ಪೈಪಾ?" ಅಂತ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಊಟ ಮಾಡಿದರು.

ಐದನೆಯ ತಿಂಗಳಲ್ಲಿ ಅಣ್ಣ ಒಂದು ಭಾನುವಾರ ಟೆಂಪೋದಲ್ಲಿ ಏನನ್ನೋ ಬಟ್ಟೆ ಸುತ್ತಿ ತಂದು ಶೆಡ್ಡಿನಲ್ಲಿ ಇಳಿಸಿದ. ಬಿಚ್ಚಿದರೆ ಇನ್ನೊಂದು ಮೂತಿ. ಕೆಳಗಿನ ಸಂದಿ ಐದು ಬೆರಳು, ತುಟಿ ಹೊರಕ್ಕೆ ತಿರುಗಿದೆ, ಪರದೆ ಕೂರಲು ಅಂತ ತೋಡು ಕೊರೆದಿದೆ. ಬಣ್ಣ ಒಂದೇ ಪದರ.

"ಆ ಹಲ್ಲುಬ್ಬು ನೋಡಿದೋರು ನನ್ನ ಕೆಲಸ ಅಂದ್ಕೊಳ್ತಾರೆ, ಅದಕ್ಕೆ ಮಾಡಿದ್ದು" ಅಂದ, ಕ್ಯಾಪ್ಟನ್ ಕಡೆ ನೋಡುತ್ತಾ.

ನೀರಕ್ಕ ಟ್ಯೂಬಿನ ಹಲಗೆ ತೆಗೆದುಕೊಂಡು ಕ್ಯಾಪ್ಟನ್ ಪಕ್ಕ ಹತ್ತಿ ಕೂತಳು. ಅಣ್ಣ ಶೆಡ್ಡಿನ ನೆರಳಲ್ಲಿ ಕೈಕಟ್ಟಿ ನಿಂತಿದ್ದ. ವಿಮಾನ ಇಳಿದು ಬಂದಾಗ ಅವನೇ ಮುಂದೆ ಹೋದ.

"ಎಷ್ಟು ಬಂತು?"

"ಟ್ಯೂಬಲ್ಲಿ ಎರಡೂವರೆ ಬೆರಳು. ನೀರು ತೊಂಬತ್ತೈದು."

"ಸಂದೀಲಿ ಇನ್ನರ್ಧ ಬೆರಳು ತೆಗೀಬಹುದು."

"ತೆಗೀಬೇಡ. ಮುಟ್ಟಬೇಡ ಅದನ್ನ."

"ನನ್ನ ಮೂತಿ, ನಾನು ಮುಟ್ತೀನಿ" ಅಂದ ಅಣ್ಣ. ತಾಯಿಯ ಮಧ್ಯಸ್ಥಿಕೆ ಇಲ್ಲದೆ ಐದು ತಿಂಗಳಲ್ಲಿ ಅವರಿಬ್ಬರು ಆಡಿದ ಮೊದಲ ಜಗಳ ಅದು. ಕ್ಯಾಪ್ಟನ್ ನನ್ನ ಕಡೆ ತಿರುಗಿ ಚಹಾ ಇದೆಯಾ ಅಂತ ಕೇಳಿದರು. ನಾವಿಬ್ಬರೂ ಅವರನ್ನು ಅಲ್ಲೇ ಬಿಟ್ಟು ಒಳಗೆ ಹೋದೆವು.